ಲೋಡ್ ಆಗ್ತಾ ಅದೆ

ನಾಗಮಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ಸುಧ ಗ್ರಾಫಿಕ್ಸ್‌ನಲ್ಲಿ ಲಗ್ನಪತ್ರಿಕೆ ಮಾಡಿಸಬೇಕಾದರೆ ಊಟ ಮುಗಿಸಿಕೊಂಡೇ ಹೋಗಬೇಕು ಎಂದು ಜನ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಡಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಗುಂಡಿ ಒತ್ತಿದರೆ ಗೊರ್ರೆಂದು ಗಂಟಲು ಸರಿಮಾಡಿಕೊಂಡು, ಏಳಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಏಳುತ್ತಿತ್ತು. ವಧೂವರರ ಫೋಟೋ ತೆರೆದರೆ ಮದುಮಗನ ಪೇಟ ಮೊದಲು ಕಾಣಿಸಿ, ಮೀಸೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಮಿಕ್ಕ ಮದುಮಗ ಇಳಿದು ಬರುವ ತನಕ ಸುಧ "ಇರಿ, ಲೋಡ್ ಆಗ್ತಾ ಅದೆ" ಎನ್ನುತ್ತಿದ್ದಳು.

ಅಷ್ಟು ಹೊತ್ತು ಬೆಂಚಿನ ಮೇಲೆ ಕೂತವರು ಸುಮ್ಮನೆ ಕೂರುತ್ತಾರೆಯೇ? ಬಾಯಿ ಮುಚ್ಚಿಕೊಂಡು ಕಾಯುವ ವಿದ್ಯೆ ಮಂಡ್ಯ ಸೀಮೆಯವರಿಗೆ ಯಾರೂ ಕಲಿಸಿಲ್ಲ. "ಲೇ, ಕಿಕ್ಕೇರಿ ಭಾವನ ಎಸ್ರು ಏಳುದ್ಯೇನ್ಲಾ?" ಎಂದು ಒಬ್ಬ ಕೇಳಿದರೆ, "ಅಯ್ಯೋ, ಮರ್ತೇ ಓಗಿತ್ತಲ್ಲ, ಬರ್ಕಳವ್ವ" ಎಂದು ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಭಾವನ ಹಿಂದೆ ಭಾವನ ತಮ್ಮ, ತಮ್ಮನ ಹಿಂದೆ ಹಾಲಿನ ಡೈರಿಯ ಸೆಕ್ರೆಟರಿ. ಸುಖಾಗಮನ ಬಯಸುವವರ ಸಾಲು ಬೆಳೆದು ಬೆಳೆದು ಮುಹೂರ್ತದ ಸಮಯವನ್ನೇ ಮೂಲೆಗೆ ಒತ್ತುತ್ತಿತ್ತು. ನಮ್ಮ ಕಡೆ ಮದುವೆಯಲ್ಲಿ ಊಟ ಸಾಲದೇ ಹೋದರೆ ಜನ ಒಂದು ವಾರ ಬೈದು ಸುಮ್ಮನಾಗುತ್ತಾರೆ. ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದರೆ ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ. ಅದಕ್ಕೇ ಸುಧ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದಳು. ಹೇಳಿದ ಹೆಸರು ಬಿಡುವುದಿಲ್ಲ, ಹೇಳದ ಹೆಸರು ಹಾಕುವುದಿಲ್ಲ.

ಆದರೆ ಬೆಂಚಿನ ಮೇಲೆ ಕೂರುವ ಜನ ಕಡಿಮೆಯಾಗುತ್ತಾ ಬಂದರು. ಬೆಳ್ಳೂರು ಕ್ರಾಸಿನಲ್ಲಿ ಹೊಸದೊಂದು ಅಂಗಡಿ ಶುರುವಾಗಿತ್ತು. ಅಲ್ಲಿ ಎಲ್ಲಾ ಬೇಗ ಅಂತೆ. ಸುಧ ಇದನ್ನೂ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದು ಸಂಜೆ ಮನೆಯಲ್ಲೇ ಬಂತು. ನಾದಿನಿ ಪವಿತ್ರಳಿಗೆ ಗಂಜಾಂನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಮಾವ ಅಂದಾನಯ್ಯ ಮುದ್ದೆ ಮುರಿಯುತ್ತಾ ಹೇಳಿದ.

"ಪತ್ರಿಕೆನ ಬೆಳ್ಳೂರು ಕ್ರಾಸಲ್ಲೇ ಮಾಡ್ಸುವ. ಟೀ ಕುಡ್ಯಾದ್ರೊಳ್ಗೆ ಕೈಗೆ ಕೊಡ್ತಾನಂತೆ. ನಮ್ಮ ಸುಧನ ಮಿಷಿನ್ನು ನೆಚ್ಕಂಡ್ರೆ ಪವಿತ್ರನ ಮಗೀನ ನಾಮಕರಣಕ್ಕೆ ಮದ್ವೆ ಕಾರ್ಡು ಬತ್ತದೆ."

ಗಂಡ ತಿಮ್ಮೇಶ ನಕ್ಕ. ಅತ್ತೆ ಗೌರಮ್ಮನೂ ನಕ್ಕಳು. ಸುಧಳಿಗೆ ಮೈಯೆಲ್ಲ ಉರಿದುಹೋಯಿತು. ತಾಲ್ಲೂಕಿನ ಅರ್ಧ ಮದುವೆಗಳು ಅವಳ ಬೆರಳ ತುದಿಯಿಂದ ಹೊರಟಿದ್ದವು. ಅವಳ ಸ್ವಂತ ಮನೆಯ ಪತ್ರಿಕೆ ಇನ್ನೊಬ್ಬರ ಅಂಗಡಿಯಿಂದ ಬಂದರೆ ಸುಧ ಗ್ರಾಫಿಕ್ಸ್‌ನ ಬಾಗಿಲು ಎಳೆದುಕೊಂಡು ಹೋಗುವುದೇ ವಾಸಿ.

"ಮಾವ, ಹೊಸ ಕಂಪ್ಯೂಟ್ರು ತರ್ತೀನಿ. ನಮ್ಮನೆ ಪತ್ರಿಕೆ ನಾನೇ ಮಾಡಾದು," ಎಂದಳು.

ಕಂಪ್ಯೂಟರ್ ತರಲು ಪಾಂಡವಪುರಕ್ಕೆ ತಿಮ್ಮೇಶನ ಗೂಡ್ಸ್ ಆಟೋದಲ್ಲಿ ಹೊರಟಾಗ ಅಂದಾನಯ್ಯ ತಾನಾಗಿಯೇ ಹತ್ತಿ ಕೂತ. ಮಿಷಿನ್ ವ್ಯವಹಾರದಲ್ಲಿ ತನ್ನನ್ನು ಬಿಟ್ಟು ಹೋಗುವುದುಂಟೆ? ಹೊಲದ ಬೋರ್‌ವೆಲ್ಲಿಗೆ ಮೋಟಾರು ಆರಿಸಿದವನು, ಪವರ್ ಟಿಲ್ಲರ್ ಆರಿಸಿದವನು, ಊರವರ ಮೋಟಾರುಗಳಿಗೂ ಕರೆಯದಿದ್ದರೂ ಹೋಗಿ ಅಭಿಪ್ರಾಯ ಕೊಟ್ಟವನು. ಕಂಪ್ಯೂಟರ್ ಅಂಗಡಿಯ ಮಂಜುನಾಥ ಕುರ್ಚಿ ಹಾಕುವ ಮೊದಲೇ ಆತ ಕೇಳಿದ.

"ಎಷ್ಟು ಎಚ್‌ಪಿದು ಮಡಗಿದ್ದೀಯಪ್ಪ?"

"ಎಚ್‌ಪಿನೂ ಅದೆ ಯಜಮಾನ್ರೆ, ಬೇರೆ ಕಂಪನೀವೂ ಅವೆ," ಎಂದ ಮಂಜುನಾಥ.

"ಕಂಪನಿ ಆಮ್ಯಾಕೆ. ಎಷ್ಟು ಎಚ್‌ಪಿ ಅಂತ ಏಳು. ನಮ್ಮ ಬೋರಿಂದು ಏಳೂವರೆ. ಇದು ಮೇಜಿನ್ ಮ್ಯಾಲೆ ಇರಾದು, ಒಂದೂವರೆ ಸಾಕಲ್ವ?"

ಮಂಜುನಾಥ ಸುಧಳ ಮುಖ ನೋಡಿದ. ಸುಧ ಗೋಡೆ ನೋಡಿದಳು. ತಿಮ್ಮೇಶ ಅಷ್ಟರಲ್ಲಿ ಹಸಿರು, ಕೆಂಪು, ನೇರಳೆ ದೀಪ ಮಿನುಗುವ ಒಂದು ಡಬ್ಬದ ಮುಂದೆ ನಿಂತಿದ್ದ. ಆರ್ಕೆಸ್ಟ್ರಾದವರ ವ್ಯಾನಿನ ಹಾಗೆ ಕಾಣುತ್ತಿದ್ದ ಅದೇ ಬೇಕೆಂದು ಅವನ ಹಟ.

"ಅಣ್ಣ, ಅದು ಗೇಮ್ ಆಡೋರಿಗೆ," ಎಂದ ಮಂಜುನಾಥ. "ಅದ್ರಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರ್ತದೆ."

ಅಂದಾನಯ್ಯ ಕೈ ಅಡ್ಡ ಹಿಡಿದ. "ಕಾರ್ಡು ಬ್ಯಾಡ ಕಣಪ್ಪ. ಕಾರ್ಡ್ ನಮ್ಮ ಸೊಸೇನೆ ಮಾಡ್ತಾಳೆ."

ಇದೊಂದು ಮಾತು ಮಾತ್ರ ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರು ಸೇರಿತ್ತು. ಮಂಜುನಾಥ ನಗು ತಡೆದುಕೊಂಡು ಸುಧಳ ಕಡೆ ತಿರುಗಿದ. "ಅಕ್ಕ, ಮೊದ್ಲು ಕೆಲ್ಸ ಏನು ಅಂತ ಏಳಿ. ಕೆಲ್ಸ ನೋಡ್ಕಂಡು ಮಿಷಿನ್ ತಗಬೇಕು."

ಸುಧ ಹೇಳಿದಳು. ಕನ್ನಡ ಅಕ್ಷರ ಕೂರಿಸುವುದು, ಮದುಮಕ್ಕಳ ಫೋಟೋ ತಿದ್ದುವುದು, ಅಪರೂಪಕ್ಕೆ ಒಂದು ಫ್ಲೆಕ್ಸು, ಪ್ರೂಫ್ ತೆಗೆದು ಮೈಸೂರಿನ ಪ್ರೆಸ್ಸಿಗೆ ಕಳಿಸುವುದು. ಹಾಗಾದರೆ ಸಾಧಾರಣ ಪ್ರೊಸೆಸರ್ ಸಾಕು, ದುಡ್ಡು ಹಾಕುವುದಿದ್ದರೆ ರ‍್ಯಾಮಿಗೆ ಹಾಕಿ ಎಂದ ಅವನು. ಫೋಟೋ ತೆರೆದಿಟ್ಟುಕೊಂಡು ಹತ್ತು ಕೆಲಸ ಮಾಡಬಹುದು, ಮೀಸೆ ಹತ್ತಿರ ನಿಲ್ಲುವುದಿಲ್ಲ. ಹಳೇ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಗುಂಡಿ ಒತ್ತಿದ ಕೂಡಲೇ ಏಳುತ್ತದೆ. ಬಣ್ಣ ನಿಜವಾಗಿ ಕಾಣುವ ಮಾನಿಟರು ಬೇಕೇ ಬೇಕು, ಇಲ್ಲದಿದ್ದರೆ ಅರಿಶಿನದ ಅಂಚು ಪ್ರೆಸ್ಸಿನಲ್ಲಿ ಬೇರೆಯೇ ಆಗಿ ಬರುತ್ತದೆ. ಕರೆಂಟು ಹೋದರೆ ಕೆಲಸ ಉಳಿಸಿಕೊಳ್ಳಲು ಒಂದು ಯುಪಿಎಸ್ಸು. ಸುಧಳಿಗೆ ಪ್ರತಿಯೊಂದೂ ಮನಸ್ಸಿಗೆ ಕೂತಿತು. ಬೇಕಾದ್ದು ತಗೊಂಡಳು, ಬೇಡದ್ದು ಬಿಟ್ಟಳು. ಮಿನುಗುವ ದೀಪವೂ ಇಲ್ಲ, ಎಚ್‌ಪಿಯೂ ಗೊತ್ತಾಗಲಿಲ್ಲ ಎಂದು ಅಪ್ಪ ಮಗ ಇಬ್ಬರೂ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು. ಹಳೇ ಕಂಪ್ಯೂಟರನ್ನು ಮಂಜುನಾಥ ಎಕ್ಸ್‌ಚೇಂಜಿಗೆ ಎತ್ತಿಕೊಂಡ.

ಹೊಸದು ಬಂದ ಮೇಲೆ ಸುಧಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುಂಡಿ ಒತ್ತಿದರೆ ಎದ್ದೇ ಬಿಡುತ್ತಿತ್ತು. ಮದುಮಗ ಪೇಟದಿಂದ ಚಪ್ಪಲಿಯವರೆಗೆ ಒಂದೇ ಸಲಕ್ಕೆ ಹಾಜರು. ಮೊದಲನೆಯ ಗಿರಾಕಿ ಹೊಣಕೆರೆಯ ದೇವರಾಜು, ಮಗನ ಮದುವೆಗೆ. ಆತನ ಹೆಂಡತಿ ಯಶೋದಮ್ಮ ಬೆಂಚಿನ ಮೇಲೆ ಸೆರಗು ಸರಿಮಾಡಿಕೊಂಡು ಕೂರುವಷ್ಟರಲ್ಲಿ ಪ್ರೂಫ್ ಕೈಗೆ ಬಂದಿತ್ತು. ಇಬ್ಬರೂ ಬೆರಗಾಗಿ, ಸರಿಯಾಗಿದೆ ಎಂದು ಸಹಿ ಹಾಕಿ, ಮುಂದಿನ ಬಸ್ಸಿಗೇ ಹೊರಟುಹೋದರು. ಬೆಳ್ಳೂರು ಕ್ರಾಸಿನವನು ಇನ್ನು ಬಾಲ ಮುದುರಿಕೊಳ್ಳಲಿ ಎಂದುಕೊಂಡಳು ಸುಧ.

ಪತ್ರಿಕೆ ಹಂಚಿದ ಮೇಲೆ ಗೊತ್ತಾಯಿತು, ಅದರಲ್ಲಿ ಹುಡುಗನ ಸೋದರಮಾವನ ಹೆಸರೇ ಇಲ್ಲ. ಯಶೋದಮ್ಮನ ಒಡಹುಟ್ಟಿದ ಅಣ್ಣ! ಆತ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಬಿಸಿಲಿಗೆ ಹಿಡಿದು, ಕೊನೆಗೆ ಲಕೋಟೆಯ ಒಳಗೂ ಹುಡುಕಿದನಂತೆ. ಮದುವೆಗೆ ಬರುವುದಿಲ್ಲ ಎಂದುಬಿಟ್ಟ. ದೇವರಾಜು ಹೆಸರು ಹೇಳಿರಲಿಲ್ಲ, ಸುಧ ಹಾಕಿರಲಿಲ್ಲ, ಅಷ್ಟೇ. ಆದರೆ ಮರೆತೆವು ಎಂದು ಸೋದರಮಾವನ ಎದುರು ಒಪ್ಪಿಕೊಳ್ಳುವ ಧೈರ್ಯ ಯಾರಿಗಿದೆ? ದೇವರಾಜು ಹೋಗಿ ಕೈಮುಗಿದು, "ನಾವ್ ಏಳಿದ್ವು ಭಾವ, ಆ ಸುಧನ ಹೊಸಾ ಕಂಪ್ಯೂಟ್ರು ನುಂಗ್ಬುಡ್ತು," ಎಂದ. ಭಾವನ ಸಿಟ್ಟು ಇಳಿಯಿತು, ಮದುವೆ ಉಳಿಯಿತು. ಸುಧಳ ಮಾನ ಹೋಯಿತು.

ಹೊಣಕೆರೆಯ ಸುದ್ದಿ ನಾಗಮಂಗಲಕ್ಕೆ ಬರಲು ಬಸ್ಸು ಕಾಯುವುದಿಲ್ಲ. ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, "ಹಳೇ ಮಿಷಿನ್ನಲ್ಲೇ ಮಾಡ್ಕೊಡಿ ಅಕ್ಕ, ಇದು ಎಸ್ರು ನುಂಗ್ತದಂತೆ," ಎನ್ನತೊಡಗಿದರು. ಅಂದಾನಯ್ಯನಂತೂ ನಡುಮನೆಯಲ್ಲಿ ತೀರ್ಪು ಕೊಟ್ಟ. "ನೋಡವ್ವ, ಪವಿತ್ರನ ಕಾರ್ಡಲ್ಲಿ ಒಬ್ಬನ ಎಸ್ರು ತಪ್ಪುದ್ರೂ ನಾನು ಊರಲ್ಲಿ ತಲೆ ಎತ್ತಂಗಿಲ್ಲ. ಒಂದ್ಸಲ ನಿಂಗೇ ಕೊಡ್ತೀನಿ. ಪ್ರೂಫಲ್ಲಿ ಒಂದೆಸ್ರು ಕಮ್ಮಿ ಬಂದ್ರೂ ನಾನು ಬೆಳ್ಳೂರು ಬಸ್ ಅತ್ತಾದೆ."

ಸುಧ ಅಂಗಡಿಗೆ ಬಂದು ಖಾಲಿ ಬೆಂಚನ್ನು ನೋಡುತ್ತಾ ಕೂತಳು. ಕಣ್ಣಲ್ಲಿ ನೀರೇ ಬಂತು. ತಪ್ಪೆಲ್ಲಿ ಆಯಿತು? ರ‍್ಯಾಮ್ ಸರಿ ಇದೆ, ಎಸ್‌ಎಸ್‌ಡಿ ಸರಿ ಇದೆ, ಅರಿಶಿನ ಅರಿಶಿನವಾಗಿಯೇ ಕಾಣುತ್ತಿದೆ. ಬೆಂಚು ನೋಡುತ್ತಾ ನೋಡುತ್ತಾ ಹೊಳೆಯಿತು. ಅಲ್ಲಿ ಕೂತು ಕಾಯುವಾಗಲೇ ಅಲ್ಲವೇ ಕಿಕ್ಕೇರಿ ಭಾವಂದಿರು ನೆನಪಾಗುತ್ತಿದ್ದದ್ದು? ಮಂಜುನಾಥ ಕೆಲಸ ಏನು ಎಂದು ಕೇಳಿದಾಗ ಅಕ್ಷರ ಹೇಳಿದಳು, ಫೋಟೋ ಹೇಳಿದಳು, ಗಿರಾಕಿಗಳನ್ನು ಕಾಯಿಸುವುದನ್ನು ಹೇಳಲು ಮರೆತಿದ್ದಳು. ಕೂಡಲೇ ಅವನಿಗೆ ಫೋನು ಮಾಡಿದಳು.

"ಮಂಜಣ್ಣ, ಇದ್ನ ವಸಿ ನಿಧಾನ ಮಾಡ್ಕೊಡಾಕೆ ಆಯ್ತದಾ?"

"ಅಕ್ಕ, ಅಂಗಡಿ ತೆಗ್ದಾಗ್ನಿಂದ ಇದನ್ನ ಕೇಳುದೋರು ನೀವೇ ಮೊದ್ಲು," ಎಂದ ಮಂಜುನಾಥ.

ಅವಳು ವಿಷಯ ಹೇಳಿದ ಮೇಲೆ ಅವನಿಗೆ ಎಷ್ಟು ನಗು ಬಂತೆಂದರೆ ಫೋನೇ ಕೆಳಗಿಟ್ಟ. ಆಮೇಲೆ ಅಂಗಡಿಗೇ ಬಂದು, ಮಿಷಿನ್ ಕೆಡಿಸುವುದು ಬೇಡ ಎಂದು ಒಂದು ಉಪಾಯ ಮಾಡಿಕೊಟ್ಟ. ಕೀಬೋರ್ಡಿನ ಮೂಲೆಯ ಒಂದು ಗುಂಡಿ ಒತ್ತಿದರೆ ಪರದೆಯ ತುಂಬ ನೀಲಿ ಚಕ್ರವೊಂದು ಸುತ್ತತೊಡಗುತ್ತದೆ. ಮತ್ತೆ ಒತ್ತುವ ತನಕ ಸುತ್ತುತ್ತಲೇ ಇರುತ್ತದೆ. ಅದರ ಹಿಂದೆ ಕೆಲಸ ಮುಗಿದು ತಣ್ಣಗೆ ಕೂತಿರುತ್ತದೆ.

ಮುಂದಿನ ಸೋಮವಾರ ಮನೆಮಂದಿ ಅಂಗಡಿಗೆ ಬಂದರು. ಅಂದಾನಯ್ಯ ಒಗೆದ ಪಂಚೆ ಉಟ್ಟು, ಬೆಂಚಿನ ಮಧ್ಯೆ ಕೂತು, ಹೆಸರುಗಳನ್ನು ಮಂತ್ರದ ಹಾಗೆ ಹೇಳುತ್ತಾ ಹೋದ. ತಾತ, ಅಜ್ಜಿ, ದೊಡ್ಡಪ್ಪಂದಿರು, ಅತ್ತೆಯರು, ಡೈರಿಯ ಸೆಕ್ರೆಟರಿ, ಶಾಮಿಯಾನದವನು. ಮಗನ ಸರದಿ ಬಂದಾಗ ತಿಮ್ಮೇಶ ಮೊಬೈಲಿನಿಂದ ತಲೆ ಎತ್ತದೆ, "ತಿಮ್ಮೇಶ ಮತ್ತು ಕುಟುಂಬದವರು ಅಂತ ಆಕು, ಜಾಗ ಉಳೀತದೆ," ಎಂದ.

ಸುಧಳ ಬೆರಳು ಒಂದು ಗಳಿಗೆ ನಿಂತಿತು. ಡೈರಿಯ ಸೆಕ್ರೆಟರಿಗೆ ಜಾಗ ಇದೆ, ಶಾಮಿಯಾನದವನಿಗೆ ಜಾಗ ಇದೆ. ತನ್ನ ಹೆಸರನ್ನು ತಾನೇ ಹಾಕಿಕೊಳ್ಳಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಹೇಳದ ಹೆಸರು ಹಾಕುವುದಿಲ್ಲ ಎನ್ನುವ ಕಟ್ಟುನಿಟ್ಟು ಅವಳದೇ. ಅದಕ್ಕಿಂತ ಹೆಚ್ಚಾಗಿ, ಬೇಡಿ ಹಾಕಿಸಿಕೊಳ್ಳುವ ಹೆಸರು ತನಗೆ ಬೇಡ ಎನಿಸಿತು. 'ಮತ್ತು ಕುಟುಂಬದವರು' ಎಂದು ಒತ್ತಿ, ಮೂಲೆಯ ಗುಂಡಿ ಅದುಮಿದಳು. ಚಕ್ರ ಸುತ್ತತೊಡಗಿತು.

"ಇರಿ, ಲೋಡ್ ಆಗ್ತಾ ಅದೆ."

ಉಪಾಯ ಫಲಿಸಿತು. ಗೌರಮ್ಮನಿಗೆ ತನ್ನ ತಂಗಿಯ ಅಳಿಯ ನೆನಪಾದ. ತಿಮ್ಮೇಶನಿಗೆ ಗೂಡ್ಸ್ ಆಟೋ ಸಂಘದ ಅಧ್ಯಕ್ಷ ನೆನಪಾದ. ಅಂದಾನಯ್ಯನಿಗೆ ಹಸುವಿನ ಡಾಕ್ಟರು, ಆಮೇಲೆ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಮೆಕ್ಯಾನಿಕ್ಕು. ಸುಧ ಒಂದೊಂದನ್ನೂ ಚೀಟಿಯಲ್ಲಿ ಗೀಚಿಕೊಂಡಳು. ಹೆಸರುಗಳು ನಿಂತವು. ಚಕ್ರ ನಿಲ್ಲಲಿಲ್ಲ. ಟೀ ತರಿಸಿ ಕುಡಿದದ್ದಾಯಿತು. ಮೋಟಾರು ಸುತ್ತುವವನು ನೆನಪಾಗುತ್ತಾನೆ, ದಿನಾ ಮುದ್ದೆ ತೊಳಸುವವಳು ನೆನಪಾಗುವುದಿಲ್ಲ. ಸುತ್ತು, ಸಂಜೆವರೆಗೂ ಸುತ್ತು ಎಂದು ಚಕ್ರಕ್ಕೆ ಮನಸ್ಸಿನಲ್ಲೇ ಹೇಳಿದಳು.

"ಏನಮ್ಮಿ ಇದು, ಹಳೇದೇ ವಾಸಿ ಆಗಿತ್ತಲ್ಲ," ಎಂದು ತಿಮ್ಮೇಶ ಆಕಳಿಸಿದ.

ಅಂದಾನಯ್ಯ ಮಾತ್ರ ಬೆರಳು ಮಡಿಸುತ್ತಾ ಮೊದಲಿನಿಂದ ಹೆಸರು ಹೇಳಿಕೊಳ್ಳುತ್ತಿದ್ದ. ಒಂದೂ ತಪ್ಪಬಾರದಲ್ಲ. ಮಗನ ಹೆಸರಿಗೆ ಬಂದವನು ಮಡಿಸಿದ ಬೆರಳನ್ನು ಮತ್ತೆ ಬಿಚ್ಚಿದ.

"ಲೇ ತಿಮ್ಮೇಶ, ಕುಟುಂಬದವರು ಅಂದ್ರೆ ಯಾರ್ಲಾ?"

"ಯಾರು ಅಂದ್ರೆ... ಸುಧ. ಅವಳೆಸ್ರು ಇಂದ್ಗಡೆ ಪುಟದಲ್ಲಿ ಬತ್ತದಲ್ಲ ಬುಡಪ್ಪ, ಸುಧ ಗ್ರಾಫಿಕ್ಸ್ ಅಂತ."

"ಅದು ಅಂಗ್ಡಿ ಎಸ್ರು ಕಣ್ಲಾ ಬೇಕೂಫ. ಇರಾಳು ಒಬ್ಳು, ಕುಟುಂಬದವರು ಅಂತೀಯಲ್ಲ, ನಿಂಗೇನು ಹತ್ತು ಜನ ಹೆಂಡ್ರಾ? ಬರೀ ನುಂಗ್ತದೆ ನುಂಗ್ತದೆ ಅಂತ ಆ ಮಿಷಿನ್ನ ಬೈದ್ವಿ, ನೀನೇ ನುಂಗ್ಬುಟ್ಟಲ್ಲೋ." ಆಮೇಲೆ ಸೊಸೆಯ ಕಡೆ ತಿರುಗಿ, ಸ್ವಲ್ಪ ಮೆತ್ತಗೆ ಹೇಳಿದ. "ತಗದಾಕವ್ವ ಅದ್ನ. ಶ್ರೀಮತಿ ಸುಧ ಮತ್ತು ಶ್ರೀ ತಿಮ್ಮೇಶ ಅಂತ ಬರಿ. ನಿನ್ನೆಸ್ರೇ ಮುಂದಿರ್ಲಿ."

ಸುಧ ಗುಂಡಿ ಒತ್ತಿದಳು. ಚಕ್ರ ಥಟ್ಟನೆ ಮಾಯವಾಗಿ, ಪತ್ರಿಕೆ ಬೆಳ್ಳಗೆ ಎದುರು ನಿಂತಿತು. ತಾಲ್ಲೂಕಿನವರ ಹೆಸರನ್ನೆಲ್ಲ ಕಣ್ಣುಮುಚ್ಚಿಕೊಂಡು ಒತ್ತುವವಳು ತನ್ನದನ್ನು 'ಸುದ' ಎಂದು ಒತ್ತಿದಳು. ಅಳಿಸಿ ಮತ್ತೆ ಒತ್ತಿದಳು. ಪರದೆ ಯಾಕೋ ಮಂಜುಮಂಜಾಗಿ ಕಾಣುತ್ತಿತ್ತು, ಅದು ಮಾನಿಟರಿನ ತಪ್ಪಾಗಿರಲಿಲ್ಲ.

ಅಂದಾನಯ್ಯ ಪರದೆಯನ್ನು ಅನುಮಾನದಿಂದ ನೋಡುತ್ತಿದ್ದ. "ಹೊಸಾ ಮಿಷಿನ್ನು ಇಷ್ಟೊತ್ತು ಯಾಕವ್ವ ತಗಂತು? ಎಚ್‌ಪಿ ಸಾಲ್ದು ಅಂತ ನಾನು ಅವತ್ತೇ ಏಳ್ನಿಲ್ವ?"

"ಎಚ್‌ಪಿ ಸರಿಯಾಗೇ ಅದೆ ಮಾವ," ಎಂದಳು ಸುಧ, ಸೆರಗಿನಿಂದ ಮೂಗು ಒರೆಸಿಕೊಂಡು. "ಇವತ್ತು ಲೋಡು ವಸಿ ಜಾಸ್ತಿ ಇತ್ತು."