ಅಮೋನಿಯದ ಮೂರು ಕೈ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಇಟ್ಟಿಗೆ ಕಣದಲ್ಲಿ ಹಸಿ ಇಟ್ಟಿಗೆಗಳನ್ನು ಮಗ್ಗುಲು ಹೊರಳಿಸುವ ಕೆಲಸ ಬೆಳಗಿನಿಂದ ನಡೆದಿತ್ತು. ಅಕ್ಕನ ಕೈ ಇಟ್ಟಿಗೆಯ ಮೇಲಿದ್ದರೂ ಕಣ್ಣು ದಾರಿಯ ಮೇಲಿತ್ತು. ತಂಗಿ ಬರುತ್ತೇನೆಂದಿದ್ದಳು.

ತಂಗಿ ಶಾಲೆಯಲ್ಲಿ ವಿಜ್ಞಾನದ ಮೇಡಂ. ಅವಳು ಓದಲೆಂದೇ ಅಕ್ಕ ಶಾಲೆ ಬಿಟ್ಟು ಮಣ್ಣು ತುಳಿದವಳು. ಈಗ ತಂಗಿಯ ಶಾಲೆಯ ಪ್ರಯೋಗಾಲಯಕ್ಕೆ ಸಹಾಯಕಿ ಬೇಕಾಗಿದ್ದಳು. ಅಣುಗಳ ಆಕಾರವನ್ನು ಮಾಡಿ ತೋರಿಸಿದವರಿಗೆ ಕೆಲಸ. ಅಕ್ಕನ ವಯಸ್ಸಿಗೆ ಇದೇ ಕೊನೆಯ ಅವಕಾಶ. "ನನ್ನ ಓದಿಸಿದೋಳು ನೀನು, ನಿಂಗೆ ಹೇಳಿಕೊಡಲ್ವಾ?" ಎಂದು ತಂಗಿ ಮಾತು ಕೊಟ್ಟಿದ್ದಳು.

ಸಂಜೆ ಬಂದವಳೇ ಹಸಿ ಮಣ್ಣಿನ ಉಂಡೆ ಕಟ್ಟಿ, ಕಡ್ಡಿ ಚುಚ್ಚಿ, ಕಡ್ಡಿಗಳ ತುದಿಗೂ ಪುಟ್ಟ ಉಂಡೆ ಸಿಕ್ಕಿಸಿ, ನೆಲಕ್ಕೆ ನೆಟ್ಟಳು. "ಇದು ಮೀಥೇನ್. ನಡುವೆ ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್. ಒಂದೇ ಮನೆಗೆ ಬಂದ ನಾಲ್ಕು ಸೊಸೆಯರ ಹಾಗೆ, ಎಷ್ಟು ದೂರ ಆಗತ್ತೋ ಅಷ್ಟು ದೂರ ಇರ್ತಾರೆ." ಅಕ್ಕ ನಕ್ಕಳು.

"ಇದು ಅಮೋನಿಯ. ನಡುವೆ ನೈಟ್ರೋಜನ್, ಹೈಡ್ರೋಜನ್ ಮೂರೇ." ಮೂರು ಕಡ್ಡಿಗಳನ್ನೂ ತುಸು ಕೆಳಕ್ಕೆ ಬಾಗಿಸಿ ಚುಚ್ಚುವಷ್ಟರಲ್ಲಿ ಗಂಡನ ಫೋನು ಬಂತು. "ಬಂದೆ ರೀ, ಹೊರಟೆ. ಅಕ್ಕಾ, ಇವನ್ನ ನೋಡಿ ಬಾಯಿಪಾಠ ಮಾಡ್ಕೋ."

ಬೆಳಿಗ್ಗೆ ಅಕ್ಕ ನೋಡಿದಳು. ಅಮೋನಿಯದ ಮೂರು ಕೈಗಳೂ ಕೆಳಕ್ಕೆ ಬಾಗಿದ್ದವು; ಸಂಜೆಯ ಮಬ್ಬಿನಲ್ಲಿ ಅವಳು ಅದನ್ನು ಗಮನಿಸಿರಲಿಲ್ಲ. ಹಸಿ ಮಣ್ಣು ತನ್ನ ಭಾರಕ್ಕೆ ತಾನೇ ಜೋತುಬೀಳುವುದು ಕಣದವರಿಗೆ ಹೊಸದಲ್ಲ. ಅಲ್ಲದೆ ಮೂವರು ಸೊಸೆಯರು ದೂರ ದೂರ ಇರಬೇಕೆಂದರೆ ಚಪ್ಪಟೆಯಾಗಿ ಹರಡಿಕೊಳ್ಳಬೇಕು. ಅವಳು ಒಂದೊಂದಾಗಿ ಎತ್ತಿ ನೇರ ಮಾಡಿ, ನೆರಳಲ್ಲಿ ಒಣಗಿಸಿ, ಅದನ್ನೇ ದಿನವೂ ನೋಡಿ ಕಲಿತಳು.

ಪರೀಕ್ಷೆಯಲ್ಲಿ ಮೀಥೇನ್ ಸರಿಯಾಯಿತು. ಅಮೋನಿಯವನ್ನು ತಟ್ಟೆಯಷ್ಟು ಚಪ್ಪಟೆ ಮಾಡಿಟ್ಟಳು.

"ಮೇಲೆ ಏನೂ ಇಲ್ವಾ?" ಎಂದರು ಪರೀಕ್ಷಕರು.

"ಏನೂ ಇಲ್ಲ ಸಾರ್," ಎಂದಳು, ಧೈರ್ಯವಾಗಿ.

ಕೆಲಸ ಬೇರೊಬ್ಬಳಿಗೆ ಹೋಯಿತು.

"ಏನಮ್ಮಾ, ಮೇಡಂ ಆಗೋಕೆ ಹೋದೋಳು ವಾಪಸ್ ಬಂದ್ಯಾ?" ಎಂದ ಕಣದ ಮೇಸ್ತ್ರಿ.

"ನಿನ್ನ ಮುಖ ನೋಡ್ದೆ ಇರೋಕಾಗ್ಲಿಲ್ಲ," ಎಂದು ಅಕ್ಕ ಮಣ್ಣಿಗಿಳಿದಳು.

ಪರೀಕ್ಷೆಯಲ್ಲಿ ಆದದ್ದು ಕಿವಿಗೆ ಬಿದ್ದು, ಎರಡು ದಿನ ಬಿಟ್ಟು ತಂಗಿ ಬಂದಳು. "ನಾನು ಬಾಗಿಸಿಯೇ ಇಟ್ಟಿದ್ನಲ್ಲಾ!"

"ಜೋತುಬಿದ್ದಿದೆ ಅಂದ್ಕೊಂಡೆ."

"ಅಯ್ಯೋ, ನೈಟ್ರೋಜನ್ ಮೇಲೆ ಇನ್ನೊಂದು ಎಲೆಕ್ಟ್ರಾನ್ ಜೋಡಿ ಇರತ್ತೆ. ಅದಕ್ಕೆ ಹೈಡ್ರೋಜನ್ ಅಂಟಿಲ್ಲ, ಅದಕ್ಕೇ ಉಂಡೆ ಇಡಲ್ಲ. ಆದ್ರೆ ಅದು ಜಾಗ ಬಿಡಲ್ಲ. ಮೂರನ್ನೂ ಕೆಳಗೆ ತಳ್ಳತ್ತೆ."

ಅಕ್ಕನಿಗೆ ಆ ಕ್ಷಣವೇ ಎಲ್ಲ ಕಣ್ಣಿಗೆ ಕಟ್ಟಿತು. "ಕಾಣದ ಅತ್ತೆ ಅನ್ನು."

ತಂಗಿ ನಕ್ಕಳು. ಅಕ್ಕ ನಗಲಿಲ್ಲ. "ಇಷ್ಟೇನಾ? ಇಷ್ಟು ಹೇಳೋಕೆ ಒಂದು ಲೋಟ ನೀರು ಕುಡಿಯೋ ಹೊತ್ತೂ ಹಿಡೀಲಿಲ್ಲ."

"ನೀನು ಕೇಳಿದ್ರೆ ಹೇಳ್ತಿದ್ದೆ ಅಕ್ಕಾ."

"ಇದೆ ಅಂತಲೇ ಗೊತ್ತಿಲ್ಲದ್ದನ್ನ ಹೇಗೆ ಕೇಳ್ಲಿ?"

ತಂಗಿಯ ಮುಖ ಸಣ್ಣದಾಯಿತು. 'ಹೋಗ್ಲಿ ಬಿಡು' ಎಂಬ ಒಂದು ಮಾತಿಗಾಗಿ ಅವಳು ತನ್ನ ಸ್ಕೂಟರಿನ ಪಕ್ಕ ಬಹಳ ಹೊತ್ತು ನಿಂತಳು. ಚಿಕ್ಕಂದಿನಿಂದ ಅಕ್ಕ ಕೇಳದೆಯೇ ಕೊಡುತ್ತಿದ್ದ ಮಾತು ಅದು. ಅಂದು ಅಕ್ಕ ಅದನ್ನು ಕೊಡಲಿಲ್ಲ.