ಫಕ್ಕೀರವ್ವನ ಅಳತೆಯ ಹುಟ್ಟು

ಫಕ್ಕೀರವ್ವನ ಜೀವಮಾನದಲ್ಲಿ ಯಾರಾದರೂ ಅವಳ ಅಳತೆ ತೆಗೆದುಕೊಂಡಿದ್ದರೆ ಅದು ಕುಪ್ಪಸ ಹೊಲಿಯುವ ಬಿಸ್ಮಿಲ್ಲಾಬಿ ಒಬ್ಬಳೇ. ಅಂಥದ್ದರಲ್ಲಿ ರಾಣೆಬೆನ್ನೂರಿನ ಬಡಗಿ ಹಜರತಅಲಿ ತುಂಗಭದ್ರೆಯ ದಂಡೆಗೆ ಬಂದು, ಸ್ಕೂಟರಿಗೆ ಕಟ್ಟಿದ್ದ ದೋಣಿಯ ಮೂರು ಹುಟ್ಟುಗಳನ್ನು ಬಿಚ್ಚಿ, "ಅಕ್ಕಾರ, ನೀವೂ ಕುಂದರ್ರಿ, ಅಳತಿ ನೋಡೂಣು" ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ನನಗ್ಯಾಕಪ್ಪಾ ಹುಟ್ಟು? ನಾ ಬಲಿ ಹಿಡದು ಕುಂದರಾಕಿ."

ಮಾತು ಸುಳ್ಳಲ್ಲ. ಮದುವೆಯಾದ ಮೂವತ್ತೆಂಟು ವರ್ಷಗಳಿಂದ ಗಂಡ ಅಂದಾನೆಪ್ಪನ ದುಂಡನೆಯ ತೆಪ್ಪದಲ್ಲಿ ಹಿಂದೆ ಕುಳಿತು ಬಲೆ ಬಿಟ್ಟಿದ್ದಾಳೆ, ಎಳೆದಿದ್ದಾಳೆ, ಮೀನು ಬಿಡಿಸಿದ್ದಾಳೆ. ಹುಟ್ಟು ಮಾತ್ರ ಮುಟ್ಟಿಲ್ಲ. ಆ ಮನೆತನದಲ್ಲಿ ಮುಂದೆ ಕುಳಿತು ಹುಟ್ಟು ಹಾಕುವವನೇ ಯಜಮಾನ. ಬಲೆ ಎಲ್ಲಿ ಬೀಳಬೇಕೆನ್ನುವುದೂ ಅವನದೇ ಮಾತು. ಆಚೆ ದಡದ ಬಂಡೆಯ ಕೆಳಗಿನ ಮಡುವಿನಲ್ಲಿ ಒಮ್ಮೆ ಬಲೆ ಬಿಟ್ಟು ನೋಡಬೇಕೆಂದು ಅವಳಿಗೆ ಎಷ್ಟೋ ವರ್ಷದ ಆಸೆ. "ಇವತ್ತ ಎಲ್ಲಿಗ್ರಿ?" ಎಂದು ಬಾಯಿ ತೆಗೆದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ಸುಮ್ನ ಕುಂದ್ರು."

ಈಗ ಅಂದಾನೆಪ್ಪನ ಬಲಭುಜವೇ ಅವನ ಮಾತು ಕೇಳುತ್ತಿರಲಿಲ್ಲ. ಇನ್ನು ಒಬ್ಬರೇ ಹುಟ್ಟು ಹಾಕಕೂಡದು ಎಂದು ಹಾವೇರಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ನಿರ್ಮಲಾ, ಇಬ್ಬರು ಸೇರಿ ನಡೆಸುವ ಉದ್ದನೆಯ ಫೈಬರ್ ದೋಣಿಯೊಂದನ್ನು ತರಿಸಿದ್ದಳು. ಅಂದಾನೆಪ್ಪ ಮೂರು ದಿನ ಅದರ ಸುತ್ತ ತಿರುಗಿ ನೋಡಿ ಒಂದು ಮಾತು ಹೇಳಿದ್ದ: "ಇದು ಒಗ್ಗಲಿಲ್ಲಂದ್ರ ಬಲಿ ಎಲ್ಲಾ ನಮ್ಮ ತಮ್ಮ ಶಂಭುಲಿಂಗಗ ಕೊಟ್ಟು ಮನ್ಯಾಗ ಕುಂದ್ರತೇನಿ."

ಬೆಳಗಾದರೆ ಹೊಳೆಯ ಮೇಲಿರುವ ಜೀವ ಫಕ್ಕೀರವ್ವನದು. ಗೋಡೆ ನೋಡುತ್ತ ಕೂರುವುದು ಅವಳಿಂದಾಗದು. ಗೋಡೆ ನೋಡುತ್ತ ಕೂತ ಗಂಡನನ್ನು ನೋಡುತ್ತ ಕೂರುವುದಂತೂ ದೂರದ ಮಾತು.

ಹಜರತಅಲಿ ಇಬ್ಬರನ್ನೂ ದಂಡೆಯ ಕಲ್ಲಿನ ಮೇಲೆ ಕೂರಿಸಿದ. ಹುಟ್ಟನ್ನು ತಲೆಕೆಳಗು ಮಾಡಿ ಹಿಡಿಕೆಯನ್ನು ಕಲ್ಲಿಗೆ ಊರಿದರೆ, ಅಲಗು ಶುರುವಾಗುವ ಜಾಗ ಮೂಗಿನ ಮಟ್ಟಕ್ಕೆ ಬರಬೇಕು; ಅದು ಅವನ ಲೆಕ್ಕ. ಹೆಬ್ಬೇವಿನ ಹಗುರ ಹುಟ್ಟು ಅಂದಾನೆಪ್ಪನ ಮೂಗಿಗೆ ಸರಿಬಂತು. ಆದರೆ ಅವನು ಎತ್ತಿಕೊಂಡದ್ದು ಸಾಗವಾನಿಯ ಉದ್ದ ಹುಟ್ಟನ್ನು. ಗಂಡಸಿಗೆ ಉದ್ದದ್ದು ಕಂಡರೆ ಅಳತೆಯ ಮಾತು ಕಿವಿಗೆ ಬೀಳುತ್ತದೆಯೇ? ಉಳಿದ ಗಿಡ್ಡ ಹುಟ್ಟು ಫಕ್ಕೀರವ್ವನ ಮೂಗಿಗೆ ಹೇಳಿ ಮಾಡಿಸಿದ ಹಾಗೆ ನಿಂತಿತು. ಅದರ ನುಣುಪನ್ನು ಎರಡು ಸಲ ಸವರಿದಳು. ಖುಷಿಯಾಯಿತು, ಯಾರಿಗೂ ಹೇಳಲಿಲ್ಲ.

ದೋಣಿ ನೀರಿಗಿಳಿಸಿದರು. ಅಂದಾನೆಪ್ಪ ಮುಂದೆ, ಅವಳು ಹಿಂದೆ. ಅವನು ತೆಪ್ಪದ ರೂಢಿಯಂತೆ ಮುಂದಕ್ಕೆ ಬಾಗಿ ಹುಟ್ಟು ಚಾಚಿ, ನೀರನ್ನು ತನ್ನತ್ತ ಎಳೆದ. ದುಂಡನೆಯ ತೆಪ್ಪಕ್ಕೆ ಮೂತಿಯಿಲ್ಲ, ಎಳೆದತ್ತ ಬರುತ್ತದೆ. ಇದಕ್ಕೆ ಮೂತಿಯಿತ್ತು, ಬಾಲವೂ ಇತ್ತು. ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತತೊಡಗಿತು.

"ಹುಟ್ಟು ಸರಿ ಇಲ್ಲೋ ಹಜರತಅಲಿ!"

"ನಿಮ್ಮ ಅಳತೀದು ಇಲ್ಲೇ ಬಿದ್ದೈತಲ್ರಿ ಅಣ್ಣಾರ!"

ದಂಡೆಗೆ ಬಂದು ಹೆಬ್ಬೇವಿನದನ್ನು ತೆಗೆದುಕೊಂಡ. ಮತ್ತೆ ಸುತ್ತು. ಹೆಂಡತಿಯ ಕೈಯಲ್ಲಿದ್ದುದನ್ನು ಕಸಿದುಕೊಂಡ. ಮೂರನೆಯ ಸುತ್ತು. ನೀರಿಗೆ ಬಂದ ಎಮ್ಮೆಗಳೂ ನೋಡುತ್ತ ನಿಂತವು. ಅಂದಾನೆಪ್ಪ ಭುಜ ಹಿಡಿದುಕೊಂಡ. "ಆಗೂದಿಲ್ಲ ಬಿಡು. ಬಲಿ ಶಂಭೂಗ ಕೊಡೂಣು." ಅವನ ದನಿ ಸಣ್ಣದಾಗಿತ್ತು.

ಫಕ್ಕೀರವ್ವ ತನ್ನ ಹುಟ್ಟನ್ನು ಬಿಡಿಸಿಕೊಂಡು ಹೆಬ್ಬೇವಿನದನ್ನು ಅವನ ಕೈಗಿಟ್ಟಳು. "ಇನ್ನೊಂದ್ ಸರ್ತಿ ಹಾಕ್ರಿ."

ಮೂರು ಸುತ್ತು ತಿರುಗುವಾಗ ಅವನು ಮುಂದಿನ ನೀರು ನೋಡಿದ್ದ, ಅವಳು ಹಿಂದಿನದನ್ನು. ಪ್ರತಿ ಸಲ ಜಾರುತ್ತಿದ್ದದ್ದು ಬಾಲ. ಅವನು ಹುಟ್ಟು ಹಾಕಿದ ಕೂಡಲೇ ಅವಳು ತನ್ನ ಅಲಗನ್ನು ಹಿಂದಿನ ನೀರಿನಲ್ಲಿ ಇಳಿಬಿಟ್ಟು, ದೋಣಿಯ ಮಗ್ಗುಲಿಗೆ ಒತ್ತಿ, ಮೆಲ್ಲಗೆ ಹೊರಕ್ಕೆ ನೂಕಿದಳು. ಮೂತಿ ನೆಟ್ಟಗಾಯಿತು. ದೋಣಿ ಆಚೆ ದಡದ ಜಾಲಿಮರದತ್ತ ಸೀದಾ ಹೊರಟಿತು.

"ನೋಡಿದಿ? ಈ ಹುಟ್ಟು ನನ್ನ ಕೈಗೆ ಬಂತು ನೋಡು!"

"ಹೂನ್ರಿ" ಎಂದಳು ಫಕ್ಕೀರವ್ವ.

ದಂಡೆಯಲ್ಲಿ ಹಜರತಅಲಿ ಟವೆಲು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ.

ಆದರೆ ಅಂದಾನೆಪ್ಪ ಹೊಳೆಯಲ್ಲೇ ಬೆಳೆದವನು, ದಡ್ಡನಲ್ಲ. ನಡುನೀರಿನಲ್ಲಿ ಹುಟ್ಟು ಮೇಲೆತ್ತಿ ಸುಮ್ಮನೆ ಕುಳಿತ. ದೋಣಿ ಅವನನ್ನು ಕೇಳದೆಯೇ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ತಿರುಗಿ ಹೆಂಡತಿಯ ಕೈ ನೋಡಿದ. ದಂಡೆ ಮುಟ್ಟಿದ್ದೇ ಹುಟ್ಟು ಕೆಳಗಿಟ್ಟು ಮನೆಗೆ ನಡೆದ, ರಾತ್ರಿ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂತ. ತಾನೇ ಎಲ್ಲ ಕೆಡಿಸಿಕೊಂಡೆನೇನೋ ಎಂದು ಫಕ್ಕೀರವ್ವನಿಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಮೂಲೆಯಲ್ಲಿ ಬಲೆಯಿರಲಿಲ್ಲ. ಶಂಭುಲಿಂಗನ ಮನೆಗೇ ಹೋಯಿತೆಂದುಕೊಂಡು ಸೆರಗು ಸಿಕ್ಕಿಸಿ ಹೊಳೆಗೆ ಓಡಿದಳು. ಬಲೆ ದೋಣಿಯಲ್ಲಿತ್ತು. ಅಂದಾನೆಪ್ಪ ಮುಂದಿನ ಹಲಗೆಯ ಮೇಲೆ, ಅವಳಿಗೆ ಬೆನ್ನು ಮಾಡಿ ಕುಳಿತಿದ್ದ. ಹಿಂದಿನ ಹಲಗೆಯ ಮೇಲೆ ಗಿಡ್ಡ ಹುಟ್ಟು ಕಾದಿತ್ತು.

ಅವಳು ಹತ್ತಿ ಕುಳಿತಳು. ದೋಣಿ ದಂಡೆ ಬಿಟ್ಟಿತು. ಅಂದಾನೆಪ್ಪ ನೀರಿನತ್ತಲೇ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಇವತ್ತ ಎಲ್ಲಿಗೆ?"

ಫಕ್ಕೀರವ್ವನ ಕಣ್ಣು ತುಂಬಿ ಬಂತು. ಅಲಗನ್ನು ನೀರಿಗಿಳಿಸಿ, ಮೂತಿಯನ್ನು ಬಂಡೆಯ ಮಡುವಿನತ್ತ ತಿರುಗಿಸಿದಳು.

"ಸುಮ್ನ ಕುಂದರ್ರಿ" ಎಂದಳು.