ಚಕ್ರದ ಹಿಂದೆ ಒಂದು ಕಲ್ಲು

ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಫೇಲಾದದ್ದು ಹಿಂದಕ್ಕೆ ಹೋಗಿ. ಏರಿನ ಅರ್ಧದಲ್ಲಿ ಕಾರು ನಿಲ್ಲಿಸಿ ಅಂದರು ಇನ್‌ಸ್ಪೆಕ್ಟರು, ನಿಲ್ಲಿಸಿದೆ. ಈಗ ಹೊರಡಿ ಅಂದರು. ಹ್ಯಾಂಡ್‌ಬ್ರೇಕ್ ಬಿಟ್ಟೆ, ಕ್ಲಚ್ ಬಿಟ್ಟೆ. ಕಾರು ಒಂದು ಸಲ ಕುಲುಕಿ, ಆಫ್ ಆಗಿ, ಹಿಂದಕ್ಕೆ ಜಾರತೊಡಗಿತು. ಕೆಳಗೆ ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ದಿಕ್ಕಾಪಾಲಾಗಿ ಓಡಿದರು. ಕೊನೆಗೆ ಇನ್‌ಸ್ಪೆಕ್ಟರೇ ತಮ್ಮ ಕಡೆಯ ಬ್ರೇಕು ಒತ್ತಿದರು. "ಇನ್ನೂ ಸ್ವಲ್ಪ ಕಲಿತ್ಕೊಂಡು ಬನ್ನಿಮ್ಮಾ" ಅಂದು ಇಳಿದು ಹೋದರು. ಬೈದಿದ್ದರೆ ನನಗೂ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳುವ ದಾರಿ ಇರುತ್ತಿತ್ತು.

ನನಗೆ ಅರ್ಥವಾಗದೆ ಹೋದದ್ದು ಒಂದೇ. ಭಾನುವಾರ ಭಾನುವಾರ ಕೆಜಿಎಫ್‌ನಲ್ಲಿ, ಚಿನ್ನದ ಗಣಿಯವರು ಬಿಳಿ ಮಣ್ಣು ಸುರಿದು ಬಿಟ್ಟ ಸೈನೈಡ್ ದಿಬ್ಬದ ಪಕ್ಕದ ಏರು ರಸ್ತೆಯಲ್ಲಿ ಇದನ್ನೇ ಕಲಿತಿದ್ದೆ. ಅಲ್ಲಿ ಕಾರು ಒಂದು ದಿನವೂ ಹಿಂದಕ್ಕೆ ಬಂದಿರಲಿಲ್ಲ. ಹೂವಿನ ಹಾಗೆ ಹತ್ತುತ್ತಿತ್ತು. ಕಲಿಸುವ ಪೆರುಮಾಳ್ ಮೇಷ್ಟ್ರು ಪಕ್ಕದಲ್ಲಿ ಕೂತು "ಸೂಪರ್ ಮಾ" ಅನ್ನುತ್ತಿದ್ದರು. ನಾನೂ ನಂಬಿಕೊಂಡಿದ್ದೆ.

ಮನೆಗೆ ಬಂದರೆ ನನ್ನ ಗಂಡ ಮುನಿರಾಜು ಬಾಗಿಲಲ್ಲೇ ಕೂತಿದ್ದ.

"ಏನ್ಲೇ, ಪಾಸಾದ್ಯಾ?"

"ಆ ಏರು ಸರಿ ಇಲ್ಲ. ತೀರಾ ಎತ್ರ ಮಾಡವ್ರೆ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಅಂದ. ಆಮೇಲೆ ನನ್ನ ಮುಖ ನೋಡಿ ಎದ್ದು ಹೋಗಿ ಟೀ ಇಟ್ಟ. ಅವನು ಅಂಥವನೇ, ಮೊದಲು ಚುಚ್ಚುತ್ತಾನೆ, ಆಮೇಲೆ ಟೀ ಇಡುತ್ತಾನೆ.

ಲೈಸೆನ್ಸು ನನಗೆ ಯಾಕೆ ಬೇಕಿತ್ತು ಅನ್ನುವುದನ್ನು ಹೇಳಬೇಕು. ನಮ್ಮೂರು ಬೇತಮಂಗಲದ ಹತ್ತಿರ. ನಾನು ದಿನಾ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವವಳು. ಮಾರಿಕುಪ್ಪಂನಿಂದ ಹೊರಡುವ ಆ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ಕೂರುವವರೆಲ್ಲ ಕೂತಾಗಿರುತ್ತದೆ. ಕೆಜಿಎಫ್‌ನವರಿಗೆ ಸೀಟು, ನಮಗೆ ಕಂಬಿ. ಕೃಷ್ಣರಾಜಪುರದ ತನಕ ನಿಂತು ಹೋಗುತ್ತೇನೆ. ಅಲ್ಲಿ ನನ್ನದು ಚೆಕಿಂಗ್ ಕೆಲಸ, ಹೊಲಿದ ಷರಟುಗಳಲ್ಲಿ ದಾರ ಬಿಟ್ಟಿದೆಯಾ ಅಂತ ಟೇಬಲ್ ಮುಂದೆ ನಿಂತು ನೋಡುವುದು. ಸಂಜೆ ಮತ್ತೆ ನಿಂತು ವಾಪಸ್. ಮಕ್ಕಳು ನನ್ನ ಮುಖವನ್ನು ಹಗಲು ಬೆಳಕಿನಲ್ಲಿ ನೋಡುವುದು ಭಾನುವಾರ ಮಾತ್ರ. ಯಾರಾದರೂ ನನ್ನನ್ನು ಹೇಗಿದ್ದೀಯ ಅಂದರೆ ನಿಂತಿದ್ದೀನಿ ಅನ್ನಬೇಕು, ಅಷ್ಟೆ.

ಹೀಗಿರುವಾಗ ಪಂಚಾಯ್ತಿಗೆ ಕಸದ ಗಾಡಿ ಬಂತು. ಅದನ್ನು ಸ್ತ್ರೀಶಕ್ತಿ ಸಂಘದ ಹೆಂಗಸೇ ಓಡಿಸಬೇಕು ಅಂದರು. ಕಸ ಅಂದ ಕೂಡಲೇ ನಮ್ಮ ಸಂಘದಲ್ಲಿ ಎಲ್ಲರೂ ಮೂಗು ಮುರಿದರು. ನಾನು ಕೈ ಎತ್ತಿದೆ. ಊರ ಸೇವೆ, ಸ್ವಚ್ಛತೆ ಅಂತೆಲ್ಲ ಅವರು ಭಾಷಣ ಮಾಡುತ್ತಿದ್ದರೆ ನಾನು ಆಚೆ ನಿಂತಿದ್ದ ಗಾಡಿಯ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೆ. ಒಳಗೆ ಡ್ರೈವರ್ ಸೀಟು ಇತ್ತು, ಪ್ಲಾಸ್ಟಿಕ್ ಕವರು ಕೂಡ ತೆಗೆದಿರಲಿಲ್ಲ.

ಫೇಲಾದ ಸುದ್ದಿ ಕೇಳಿ ಪಂಚಾಯ್ತಿಯ ಚಲಪತಿ ಮನೆಗೆ ಬಂದ. ಒಳ್ಳೆಯ ಹುಡುಗ, ಕೆಟ್ಟ ಮಾತನ್ನೂ ನೆಲ ನೋಡಿಕೊಂಡು ಹೇಳುತ್ತಾನೆ.

"ಇನ್ನೊಂದು ಕಿತ ನೋಡು ರಾಧಾಮಣಕ್ಕ. ಅದ್ರಲ್ಲೂ ಆಗ್ಲಿಲ್ಲ ಅಂದ್ರೆ ಪಕ್ಕದ ಸಂಘದೋರಿಗೆ ಕೊಟ್ಬುಡ್ತಾರೆ. ಗಾಡಿ ಸುಮ್ನೆ ನಿಂತೈತೆ, ಮೇಲ್ನೋರು ಕೇಳ್ತಾವ್ರೆ."

ಮುಂದಿನ ಭಾನುವಾರ ಕೆಜಿಎಫ್‌ಗೆ ಹೋದೆ. ಪೆರುಮಾಳ್ ಮೇಷ್ಟ್ರು ನಂದಿದುರ್ಗ ಗಣಿಯ ಆಳುಗಳಿಗೆ ಕಟ್ಟಿಸಿದ್ದ ಲೈನ್ ಮನೆಯವರು. ಅರವತ್ತು ದಾಟಿದ ಮನುಷ್ಯ. ಮೊಣಕಾಲು ನೋವಿಗೆ ಸದಾ ಬಟ್ಟೆ ಸುತ್ತಿಕೊಂಡಿರುತ್ತಾರೆ, ಎದ್ದರೂ ಕೂತರೂ "ಮುರುಗಾ" ಅನ್ನುತ್ತಾರೆ. ಅವರ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದೆ. ಎರಡು ಕಡೆಯ ಪೆಡಲುಗಳಿಗೂ ಒಳಗೊಳಗೇ ಸಂಬಂಧ, ಆ ಕಡೆ ಒತ್ತಿದರೆ ಈ ಕಡೆಯದೂ ಕೆಳಗಿಳಿಯುತ್ತದೆ.

ಏರಿನ ಅರ್ಧಕ್ಕೆ ಹೋಗಿ ನಿಲ್ಲಿಸಿದೆ. ದಿಬ್ಬದ ಕಡೆಯಿಂದ ಗಾಳಿ ಬೀಸಿ ಬಿಳಿ ದೂಳು ಗಾಜಿನ ಮೇಲೆ ಕೂತಿತು. ವಾರವೆಲ್ಲ ನಿಂತು ನಿಂತು ಎಡಗಾಲು ಮರಗಟ್ಟಿತ್ತು. ನಿಜ ಹೇಳಬೇಕೆಂದರೆ ಪತ್ತೆ ಮಾಡಬೇಕು ಅಂತ ಮಾಡಿದ್ದಲ್ಲ, ಕಾಲು ನೋಯುತ್ತಿತ್ತು, ಅದಕ್ಕೆ ಕ್ಲಚ್ಚಿನ ಮೇಲಿಂದ ತೆಗೆದು ಪಕ್ಕಕ್ಕಿಟ್ಟೆ. ಆಫ್ ಆಗಬೇಕಿದ್ದ ಕಾರು ಆಗಲಿಲ್ಲ. ಬಗ್ಗಿ ನೋಡಿದೆ. ನನ್ನ ಕ್ಲಚ್ಚು ತನ್ನಷ್ಟಕ್ಕೆ ತಾನು ಕೆಳಗೆ ಕೂತಿತ್ತು. ಬಲಗಾಲಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಕ್ಲಚ್ಚು ನಿಧಾನವಾಗಿ ಮೇಲೆ ಬಂತು. ಕಾರು ಹೂವಿನ ಹಾಗೆ ಏರು ಹತ್ತಿತು.

"ಸೂಪರ್ ಮಾ" ಅಂದರು ಪೆರುಮಾಳ್.

ಮೇಲೆ ಹೋಗಿ ನಿಲ್ಲಿಸಿ ಕೇಳಿದೆ, "ಸಾರ್, ಈ ಗಾಡಿ ಓಡುಸ್ತಾ ಇರೋರು ಯಾರು?"

"ನೀನೇ ಮಾ."

"ನನ್ ಕಾಲು ನೋಡಿ."

ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು, ಅದು ಬೇರೆ ಯಾರದ್ದೋ ಅನ್ನುವಂತೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾರಕ್ಕೊಂದೇ ಭಾನುವಾರ, ಮಕ್ಕಳಿಗೆ ತಲೆ ಬಾಚುವುದನ್ನೂ ಬಿಟ್ಟು ಓಡಿ ಬರುತ್ತಿದ್ದೆ. ಅದನ್ನೆಲ್ಲ ಈ ಮನುಷ್ಯ ತನ್ನ ಕಾಲಲ್ಲಿ ತುಳಿದು ಹಾಕಿದ್ದ.

"ನಾನ್ ಕಲೀತೀನಿ ಅಂತ ಬಂದ್ರೆ ನೀವೇ ಓಡಿಸ್ಕೊಂಡು ಓಯ್ತಾ ಇದ್ದೀರಲ್ಲ ಸಾರ್. ನಾನೇನು ಸವಾರಿ ಬಂದಿದ್ನಾ?"

"ಬೇಕು ಅಂತ ಮಾಡಲ್ಲಮ್ಮಾ. ಕಾಲು ತಾನೇ ಹೋಗ್ತದೆ" ಅಂದರು. "ನಮ್ಮಪ್ಪ ಮೈನ್ಸ್‌ನಲ್ಲಿ ವೈಂಡಿಂಗ್ ಇಂಜಿನ್ ಓಡಿಸ್ತಾ ಇದ್ದರು. ಆಳುಗಳು ಇಳಿಯೋ ಪಂಜರ ಇರ್ತದಲ್ಲ, ಅದನ್ನ ಹಗ್ಗದಲ್ಲಿ ಕೆಳಗೆ ಬಿಡೋದು, ಮೇಲೆ ಎಳೆಯೋದು. ಆಳುಗಳ ಮುಖ ಕಾಣಲ್ಲ, ಗಂಟೆ ಸದ್ದು ಒಂದೇ. ರಾತ್ರಿ ನಿದ್ದೆಯಲ್ಲೂ ಅವರ ಕಾಲು ಬ್ರೇಕ್ ಒತ್ತೋದು. ಪಕ್ಕದಲ್ಲಿ ಮಲಗಿದ್ದ ನಮಗೆಲ್ಲ ಒದೆ."

ನನಗೆ ನಗು ಬಂತು, ಆದರೆ ಸಿಟ್ಟು ಹೋಗಲಿಲ್ಲ. "ನೀವು ಇಳೀರಿ ಸಾರ್" ಅಂದೆ.

"ಇಳಿದು?"

"ಆಚೆ ನಿಂತ್ಕೊಳ್ಳಿ. ನೀವು ಪಕ್ಕದಾಗಿದ್ರೆ ನಾನು ಕಲಿಯಾಕಿಲ್ಲ."

ಆಗಲ್ಲ ಅಂದರು. ನಾನು ಸ್ಟೀರಿಂಗ್ ಮೇಲೆ ಕೈ ಕಟ್ಟಿಕೊಂಡು ಕೂತುಬಿಟ್ಟೆ. ಕೊನೆಗೆ "ಮುರುಗಾ" ಅಂತ ಇಳಿದರು. ಬಿದ್ದುಹೋದ ಒಂದು ಲೈನ್ ಮನೆಯ ಗೋಡೆಯಿಂದ ಒಂದು ಸೈಜುಗಲ್ಲಿನ ತುಂಡು ಎತ್ತಿಕೊಂಡು ಬಂದರು. ಹಿಂದೆ ಲಾರಿ ಕ್ಲೀನರುಗಳು ಮಾಡುತ್ತಿದ್ದ ಹಾಗೆ, ಏರಿನಲ್ಲಿ ಗಾಡಿ ನಿಂತ ತಕ್ಷಣ ಚಕ್ರದ ಹಿಂದೆ ಕಲ್ಲು ಕೊಡುವುದು ಅವರ ಉಪಾಯ. ಆಗ ನಾನು ಎಷ್ಟು ತಪ್ಪು ಮಾಡಿದರೂ ಕಾರು ಜಾರುವುದು ಒಂದು ಗೇಣು ಮಾತ್ರ.

ಅವತ್ತಿನಿಂದ ನಮ್ಮ ಪಾಠ ನೋಡಲು ದಿಬ್ಬದ ಹತ್ತಿರ ಮೇಕೆ ಮೇಯಿಸುವವರೂ ನಿಲ್ಲುತ್ತಿದ್ದರು. ನಾನು ಸ್ವಲ್ಪ ದೂರ ಹತ್ತಿಸಿ ನಿಲ್ಲಿಸುವುದು. ಪೆರುಮಾಳ್ ಕುಂಟುತ್ತ ಹಿಂದೆ ಬಂದು ಕಲ್ಲು ಕೊಡುವುದು. ನಾನು ಕ್ಲಚ್ಚು ಬಿಟ್ಟು ಆಫ್ ಮಾಡಿಕೊಳ್ಳುವುದು, ಕಾರು ದೊಪ್ಪನೆ ಬಂದು ಕಲ್ಲಿಗೆ ಒರಗುವುದು. ಮತ್ತೆ ಸ್ಟಾರ್ಟ್, ಮತ್ತೆ ಕಲ್ಲು. ಬಿಸಿಲಿಗೆ ಅವರ ಷರಟು ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ನನಗೂ ಸಾಕುಸಾಕಾಗುತ್ತಿತ್ತು. ಇಬ್ಬರು ದಣಿದವರು ಸೇರಿ ಒಂದು ಹಳೇ ಕಾರನ್ನು ದಣಿಸುತ್ತಿದ್ದೆವು.

"ಬ್ರೇಕ್ ಮೊದಲು ಬಿಡ್ಬೇಡಮ್ಮಾ" ಅಂತ ಹಿಂದಿನಿಂದ ಕೂಗುತ್ತಿದ್ದರು. "ನಮ್ಮಪ್ಪ ಹೇಳೋರು, ಹಗ್ಗ ಭಾರ ತಗೊಂಡಮೇಲೇ ಬ್ರೇಕ್ ಬಿಡೋದು. ಕ್ಲಚ್ಚು ಮೆಲ್ಲ ಮೆಲ್ಲ ಎತ್ತು. ಇಂಜಿನ್ ಭಾರ ತಗೊಂಡ್ರೆ ಗಾಡಿ ಒಂದು ಸಲ ನಡುಗ್ತದೆ, ಮೂತಿ ಎತ್ತುತ್ತದೆ. ಅಲ್ಲಿ ಕಾಲು ನಿಲ್ಲಿಸು. ಅಲ್ಲಿ ತನಕ ಹ್ಯಾಂಡ್‌ಬ್ರೇಕ್ ಮುಟ್ಬೇಡ."

ಹೇಳುವುದು ಸುಲಭ. ನನ್ನ ಕಾಲು ಮಾತ್ರ ಆ ಜಾಗವನ್ನು ದಾಟಿಕೊಂಡು ಹೋಗಿಬಿಡುತ್ತಿತ್ತು.

ಒಂದು ಭಾನುವಾರ ಅವರು ಕಲ್ಲು ಕೊಡುತ್ತಿರುವಾಗಲೇ ನಾನು ಗಡಿಬಿಡಿಯಲ್ಲಿ ಬ್ರೇಕ್ ಬಿಟ್ಟೆ. ಕಾರು ಜಾರಿತು. ಹಿಂದಿನಿಂದ "ಅಮ್ಮಾ" ಅನ್ನುವ ಸದ್ದು ಬಂತು, ಜೋರಾಗಿ ಅಲ್ಲ. ಇಳಿದು ಓಡಿದೆ. ಕಲ್ಲಿಗೂ ಟೈರಿಗೂ ನಡುವೆ ಸಿಕ್ಕಿದ್ದ ಎರಡು ಬೆರಳನ್ನು ಎಳೆದುಕೊಂಡಿದ್ದರು, ರಕ್ತ ಬರುತ್ತಿತ್ತು. ನಾನು ಅಲ್ಲೇ ರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ಬೆರಳಿಗಾಗಿ ಅತ್ತೆನೋ, ರೈಲಿಗಾಗಿ ಅತ್ತೆನೋ ಗೊತ್ತಿಲ್ಲ.

"ಬುಟ್ಬುಡಿ ಸಾರ್. ನನ್ ಕೈಲಿ ಆಗಾಕಿಲ್ಲ. ನಾಳೆ ರೈಲಿಗೋಯ್ತೀನಿ, ಅದೇ ನನ್ ಅಣೆಬರ."

ಅವರು ಟವಲ್ಲಿನ ತುದಿ ಹರಿದು ಬೆರಳಿಗೆ ಸುತ್ತಿಕೊಂಡರು. "ಹೋಗು. ಯಾರು ಬೇಡ ಅಂದ್ರು?" ಅಂದರು. "ಇವತ್ತು ಇನ್ನೂ ಬೆಳಕಿದೆ. ಹತ್ತು, ಕೂತ್ಕೋ." ಅಷ್ಟು ಹೇಳಿ ಇನ್ನೊಂದು ಕೈಯಲ್ಲಿ ಕಲ್ಲು ಎತ್ತಿಕೊಂಡರು.

ಕೂತೆ. ಹೆದರಿಕೆಯಿಂದ ಕ್ಲಚ್ಚನ್ನು ಇರುವೆ ನಡೆದಷ್ಟು ನಿಧಾನವಾಗಿ ಎತ್ತಿದೆ. ಸೀಟಿನ ಕೆಳಗೆ ಒಂದು ನಡುಕ ಬಂತು. ಕಾರಿನ ಮೂತಿ ಚೂರು ಮೇಲೆದ್ದಿತು. ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಅಲ್ಲೇ ಇತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಲ್ಲಿಗೂ ಚಕ್ರಕ್ಕೂ ನಡುವೆ ಗಾಳಿ ಆಡುತ್ತಿತ್ತು ಅಂತ ಆಮೇಲೆ ಪೆರುಮಾಳ್ ಹೇಳಿದರು. ಆದರೆ ಅವತ್ತು ಅದು ಬಂದದ್ದು ಒಂದು ಸಲ. ಮತ್ತೆ ಮಾಡಲು ಹೋದರೆ ಆಫ್ ಆಯಿತು. ಹೊತ್ತೂ ಮುಳುಗಿತು.

ಎರಡನೇ ಪರೀಕ್ಷೆಗೆ ರಜೆ ಕೇಳಿದಾಗ ಫ್ಲೋರ್ ಸೂಪರ್‌ವೈಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಕಾರು ತಗೊಳ್ಳೋದು ಯಾವಾಗ?" ಅಂತ ನಕ್ಕ. ಕಸದ ಗಾಡಿ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನೂ ನಗುತ್ತಿದ್ದ.

ಪರೀಕ್ಷೆಯ ಮೈದಾನದಲ್ಲಿ ಅದೇ ಏರು, ಮೇಷ್ಟ್ರ ಅದೇ ಕಾರು, ಅದೇ ಇನ್‌ಸ್ಪೆಕ್ಟರು. ಪಕ್ಕದ ಸೀಟಿನಿಂದ ಪೆರುಮಾಳ್ ಅವರನ್ನು ಇಳಿಸಿ ಇನ್‌ಸ್ಪೆಕ್ಟರು ತಾವು ಕೂತರು. ಪೆಡಲಿನ ಮೇಲಿಂದ ಕಾಲು ಹಿಂದಕ್ಕೆ ಎಳೆದುಕೊಂಡು ಮಡಚಿಟ್ಟರು. ನನಗೆ ನನ್ನದೇ ಎರಡು ಕಾಲು ಮಾತ್ರ ಉಳಿದವು. ಅವೂ ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದವು.

ಏರಿನ ಅರ್ಧದಲ್ಲಿ "ನಿಲ್ಲಿಸಿ" ಅಂದರು. ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಅಭ್ಯಾಸದಂತೆ ಕನ್ನಡಿ ನೋಡಿದೆ. ಹಿಂದೆ ಪೆರುಮಾಳ್ ಕುಂಟುತ್ತ ಏರು ಹತ್ತಿ ಬರುತ್ತಿದ್ದರು. ಎರಡು ಕೈಯಲ್ಲೂ ತಬ್ಬಿಕೊಂಡ ಸೈಜುಗಲ್ಲು. ಅದನ್ನು ಡಿಕ್ಕಿಯಿಂದ ಯಾವಾಗ ತೆಗೆದುಕೊಂಡರೋ. ಇದು ಪರೀಕ್ಷೆ, ಇಲ್ಲಿ ಕಲ್ಲು ಕೊಡುವ ಹಾಗಿಲ್ಲ ಅನ್ನುವುದು ಅವರ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರು ತಿರುಗಿ ನೋಡಿದರು. "ಯಾರ್ರೀ ಅದು, ಕಲ್ಲು ಹೊತ್ಕೊಂಡು ಬರ್ತಿರೋದು?"

"ನಮ್ಮ ಮೇಷ್ಟ್ರು ಸಾರ್."

"ಅದನ್ನ ಕೆಳಗಿಡೋಕೆ ಹೇಳಿ."

"ಇಡ್ತಾರೆ ಸಾರ್. ಗಾಡಿ ನಿಂತ್ರೆ ಅವರೇ ಇಡ್ತಾರೆ."

ಅವರು ನನ್ನನ್ನು ಒಂದು ಸಲ ನೋಡಿ, "ಸರಿ, ಹೊರಡಿ" ಅಂದರು.

ಕ್ಲಚ್ಚು ಎತ್ತಿದೆ. ಏನೂ ಆಗಲಿಲ್ಲ. ಇನ್ನೂ ಚೂರು ಎತ್ತಿದೆ. ಎಡಗಾಲ ಮೀನಖಂಡ ಸೆಳೆಯತೊಡಗಿತು. ರೈಲಿನಲ್ಲಿ ಮಾಲೂರು ದಾಟುವ ಹೊತ್ತಿಗೆ ಸೆಳೆಯುವ ಅದೇ ನೋವು. ಕಾಲು ಬಿಟ್ಟುಬಿಡು ಅಂತ ಬೇಡಿಕೊಳ್ಳುತ್ತಿತ್ತು. ಬಿಡಲಿಲ್ಲ. ಇಷ್ಟು ವರ್ಷ ಯಾರದೋ ಟೇಬಲ್ ಮುಂದೆ ನೋವು ತಿಂದುಕೊಂಡು ನಿಂತ ಕಾಲು, ನನಗೋಸ್ಕರ ಇನ್ನೊಂದು ಗಳಿಗೆ ನಿಲ್ಲಲಾರದೇ ಅಂದುಕೊಂಡೆ. ಸೀಟಿನ ಕೆಳಗೆ ನಡುಕ ಬಂತು. ಮೂತಿ ಎದ್ದಿತು. ಕಾಲನ್ನು ಅಲ್ಲೇ ತಡೆದು ಹ್ಯಾಂಡ್‌ಬ್ರೇಕ್ ಬಿಟ್ಟೆ.

ಕಾರು ನಿಂತಲ್ಲೇ ನಿಂತಿತ್ತು. ಇಂಜಿನ್ ಗುರುಗುಡುತ್ತಿತ್ತು, ಇನ್‌ಸ್ಪೆಕ್ಟರ ಕಾಲು ಮಡಚಿಕೊಂಡೇ ಇತ್ತು. ಅಷ್ಟು ಭಾರವನ್ನು ಆ ಏರಿನಲ್ಲಿ ಹಿಡಿದುಕೊಂಡಿದ್ದವಳು ನಾನೊಬ್ಬಳೇ. ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ, ಹತ್ತಿತು.

ಮೇಲೆ ಹೋಗಿ ನಿಲ್ಲಿಸಿದ ಮೇಲೆ ಇನ್‌ಸ್ಪೆಕ್ಟರು "ಆಯ್ತು, ಪಾಸು" ಅಂತ ಬೇರೆ ಕಡೆ ನೋಡಿಕೊಂಡು ಹೇಳಿದರು. ನಾನು ಕನ್ನಡಿ ನೋಡಿದೆ. ಪೆರುಮಾಳ್ ಏರಿನ ಅರ್ಧದಲ್ಲಿ ಕಲ್ಲನ್ನು ರಸ್ತೆಯ ಅಂಚಿಗೆ ಇಟ್ಟು, ಕಾಲು ನೀಡಿಕೊಂಡು ಅದರ ಮೇಲೆ ಕೂತುಬಿಟ್ಟಿದ್ದರು. ಟವಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅವರನ್ನು ನೋಡಿ ನನಗೂ ಎಲ್ಲಾದರೂ ಒಂದು ಗಳಿಗೆ ಕೂತರೆ ಸಾಕಪ್ಪಾ ಅನ್ನಿಸಿತು.

ಆಮೇಲೆ ಗೊತ್ತಾಯಿತು, ನಾನು ಕೂತೇ ಇದ್ದೆ.